ಕೆಡಹದೆ ಊರು ಕಟ್ಟಹೊರಟ ಪ್ಯಾಟ್ರಿಕ್ ಗೆಡ್ಡೆಸ್

ನಗರಸಭೆಯ ಕಚೇರಿಯಲ್ಲಿ ಊರಿನ ನಕಾಶೆಯನ್ನು ಮೇಜಿನ ಮೇಲೆ ಹಾಸಿ, ಅಡಿಪಟ್ಟಿ ಇಟ್ಟು, ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಎಳೆಯಲು ಅರ್ಧ ನಿಮಿಷ ಸಾಕು. ಆ ಗೆರೆಯಡಿಯಲ್ಲಿ ಸಿಕ್ಕಿದ ಮನೆ, ಅಂಗಡಿ, ಬಾವಿಕಟ್ಟೆಗಳು ಎದ್ದು ನಿಲ್ಲಲು ಎಷ್ಟು ತಲೆಮಾರು ಬೇಕಾಯಿತೆಂಬುದನ್ನು ನಕಾಶೆ ಹೇಳುವುದಿಲ್ಲ. ರಸ್ತೆ ಅಗಲವಾಗುವ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆಯ ಪೇಟೆಗಳಲ್ಲಿ ಎಂಥ ತಳಮಳ ಏಳುತ್ತದೆಂಬುದನ್ನು ವಾಚಕರಿಗೆ ನಾವು ಬಣ್ಣಿಸಬೇಕಾಗಿಲ್ಲ. ರಸ್ತೆಯೇ ಬೇಡವೆಂದು ಯಾರೂ ಹೇಳುವುದಿಲ್ಲ. ಗೆರೆ ಎಳೆದವರು ಒಮ್ಮೆಯಾದರೂ ಇಲ್ಲಿ ನಡೆದು ನೋಡಿದ್ದಾರೆಯೇ ಎಂಬುದಷ್ಟೇ ಜನರ ಪ್ರಶ್ನೆ.

ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹಿಂದೆ ಮದರಾಸು ಪ್ರಾಂತದ ನಗರಸಭೆಗಳ ಮುಂದಿಟ್ಟವರು ಸ್ಕಾಟ್ಲೆಂಡಿನ ಒಬ್ಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಪ್ಯಾಟ್ರಿಕ್ ಗೆಡ್ಡೆಸ್. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿ ಅದೇ ಪ್ರಾಂತಕ್ಕೆ ಸೇರಿತ್ತು. ನಗರ ಯೋಜಕನೆಂಬ ಹುದ್ದೆಯೇ ಸರಿಯಾಗಿ ಹುಟ್ಟಿರದ ಕಾಲದಲ್ಲಿ, ಆ ಹುದ್ದೆಯವನು ಸ್ಥಳೀಯ ಆಡಳಿತದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅವರು ಊರೂರು ಅಲೆದು ತೋರಿಸಿದರು. ಅವರ ಹೆಸರನ್ನು ಕೇಳಿದವರು ನಮ್ಮಲ್ಲಿ ಇದ್ದಾರೆ. ಅವರ ಬದುಕನ್ನು ತಿಳಿದವರು ಕಡಿಮೆ.

ಗೆಡ್ಡೆಸ್ 1854ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿದ್ದವರು. ಮಗು ಇನ್ನೂ ಚಿಕ್ಕದಿರುವಾಗಲೇ ಕುಟುಂಬ ಪರ್ತ್ ಪಟ್ಟಣದ ಹೊರವಲಯದ ಗುಡ್ಡದ ಮನೆಗೆ ಬಂತು. ಅಲ್ಲಿ ತಂದೆಯೊಡನೆ ತೋಟದ ಕೆಲಸ, ಗುಡ್ಡ ಹತ್ತಿ ಕೆಳಗಿನ ಪಟ್ಟಣವನ್ನೂ ಹೊಳೆಯನ್ನೂ ನೋಡುವುದು, ಇವೇ ಹುಡುಗನ ಮೊದಲ ಪಾಠಗಳು. ತಂದೆಯ ಒತ್ತಾಯಕ್ಕೆ ಒಂದಷ್ಟು ಕಾಲ ಬ್ಯಾಂಕಿನಲ್ಲಿ ಕುಳಿತದ್ದೂ ಉಂಟು. ಎಡಿನ್‌ಬರೊ ವಿಶ್ವವಿದ್ಯಾನಿಲಯಕ್ಕೆ ಸಸ್ಯಶಾಸ್ತ್ರ ಕಲಿಯಲು ಸೇರಿ ಒಂದೇ ವಾರಕ್ಕೆ ಬೇಸತ್ತು ಹೊರಟುಬಿಟ್ಟರು. ಲಂಡನ್ನಿನಲ್ಲಿ ಹೆಸರಾಂತ ಜೀವವಿಜ್ಞಾನಿ ಟಿ. ಎಚ್. ಹಕ್ಸ್‌ಲಿ ಅವರ ಶಿಷ್ಯರಾದರು. ಪದವಿಯೊಂದನ್ನೂ ಪಡೆಯಲಿಲ್ಲ. ಮುಂದೆ ಪ್ರಾಧ್ಯಾಪಕರಾದರೂ ಪರೀಕ್ಷೆಗಳೆಂದರೆ ಅವರಿಗೆ ಕೊನೆಯವರೆಗೂ ಅಷ್ಟಕ್ಕಷ್ಟೆ.

1879ರಲ್ಲಿ ಮೆಕ್ಸಿಕೋ ದೇಶಕ್ಕೆ ಸಂಶೋಧನೆಗೆ ಹೋದಾಗ ಕಣ್ಣಿನ ದೃಷ್ಟಿ ಕೆಟ್ಟಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಕಣ್ಣು ಕಟ್ಟಿಕೊಂಡು ಕುಳಿತಿರಬೇಕಾಯಿತು. ಕಿಟಕಿಯ ಚೌಕಟ್ಟುಗಳನ್ನು ಕೈಯಿಂದ ಸವರುತ್ತಾ, ಒಂದೊಂದು ಚೌಕಕ್ಕೂ ಒಂದೊಂದು ವಿಷಯವನ್ನು ಹಂಚಿ, ಅವುಗಳ ನಂಟನ್ನು ಮನಸ್ಸಿನಲ್ಲೇ ಜೋಡಿಸುವುದನ್ನು ಅವರು ಅಲ್ಲಿ ರೂಢಿಸಿಕೊಂಡರು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ದುಡಿಯುವ ಶಕ್ತಿ ಹೋಯಿತು. ಗಿಡದ ಜೀವಕೋಶವನ್ನು ನೋಡಬೇಕಿದ್ದ ಕಣ್ಣು ಹೀಗೆ ಊರಿನ ಬೀದಿಗಳತ್ತ ತಿರುಗಿತು.

1886ರಲ್ಲಿ ಆನಾ ಮಾರ್ಟನ್ ಎಂಬವರೊಡನೆ ವಿವಾಹವಾಯಿತು. ಲಿವರ್‌ಪೂಲಿನ ವ್ಯಾಪಾರಿಯ ಮಗಳು, ಸಂಗೀತ ಬಲ್ಲವರು. ಮರುವರ್ಷ ಗಂಡಹೆಂಡಿರು ಎಡಿನ್‌ಬರೊ ನಗರದ ಒಳ್ಳೆಯ ಬಡಾವಣೆಯ ಮನೆಯನ್ನು ಬಿಟ್ಟು, ಹಳೇ ಪೇಟೆಯ ಕೊಳೆಗೇರಿಯಂತಾಗಿದ್ದ ಜೇಮ್ಸ್ ಕೋರ್ಟ್ ಎಂಬ ವಠಾರಕ್ಕೆ ಹೋಗಿ ನೆಲಸಿದರು. ಒಂದು ಕಾಲಕ್ಕೆ ಸಿರಿವಂತರು ಬಾಳಿದ್ದ ಆ ಬಹುಮಹಡಿ ಕಟ್ಟಡಗಳಲ್ಲಿ ಆಗ ಒಂದೊಂದು ಕೋಣೆಗೆ ಒಂದೊಂದು ಸಂಸಾರ ತುಂಬಿತ್ತು. ಗೆಡ್ಡೆಸ್ ಅಲ್ಲಿ ಭಾಷಣ ಮಾಡಲಿಲ್ಲ. ತಮ್ಮ ಮನೆಯ ಗೋಡೆಗೆ ಸುಣ್ಣ ಬಳಿದರು, ಕಿಟಕಿಯಲ್ಲಿ ಹೂವಿನ ಕುಂಡ ಇಟ್ಟರು, ಅಂಗಳ ಗುಡಿಸಿದರು. ನೆರೆಯವರು ಕೆಲವರು ಬಂದು ಕೈಗೂಡಿಸಿದರು. ಅಲ್ಲಿಂದ ಒಂದೊಂದಾಗಿ ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿ, ಕೆಲವನ್ನು ವಿದ್ಯಾರ್ಥಿಗಳ ವಸತಿಗೃಹಗಳಾಗಿ ಮಾರ್ಪಡಿಸಿದರು. ತೀರ ಶಿಥಿಲವಾದ ಮನೆಯನ್ನಷ್ಟೆ ಕೆಡವುವುದು, ಆ ಜಾಗದಲ್ಲಿ ಗಾಳಿ ಬೆಳಕು ಬರುವಂತೆ ಒಂದು ಪುಟ್ಟ ತೋಟ ಮಾಡುವುದು, ಇದು ಅವರ ಕ್ರಮ. ಮುಂದೆ ಅವರ ಬಳಗದವರು ಹಳೇ ಪೇಟೆಯಲ್ಲಿ ಎಣಿಸಿ ನೋಡಿದಾಗ ಎಪ್ಪತ್ತಕ್ಕೂ ಮಿಕ್ಕಿ ಪಾಳು ಜಾಗಗಳು, ಒಟ್ಟು ಸುಮಾರು 10 ಎಕ್ರೆಯಷ್ಟು, ಸಂದಿಗೊಂದಿಗಳಲ್ಲಿ ಸಿಕ್ಕವು. ಅವುಗಳಲ್ಲಿ ಹಲವನ್ನು ಮಗಳು ನೋರಾ ಮುಂದೆ ನಿಂತು ಮಕ್ಕಳ ತೋಟಗಳನ್ನಾಗಿ ಮಾಡಿದರು.

1892ರಲ್ಲಿ ಅದೇ ಬೀದಿಯ ಒಂದು ಎತ್ತರದ ಗೋಪುರವನ್ನು ಕೊಂಡರು. ಅದರ ತುದಿಯ ಕತ್ತಲೆ ಕೋಣೆಯಲ್ಲಿ, ಕನ್ನಡಿ ಮತ್ತು ಮಸೂರಗಳ ಮೂಲಕ, ಹೊರಗಿನ ನಗರವಿಡೀ ಒಂದು ಬಿಳಿ ಮೇಜಿನ ಮೇಲೆ ಜೀವಂತವಾಗಿ ಮೂಡುತ್ತಿತ್ತು. ಅದರ ಕೆಳಗಿನ ಅಂತಸ್ತಿನಲ್ಲಿ ಎಡಿನ್‌ಬರೊ, ಇನ್ನೂ ಕೆಳಗೆ ಸ್ಕಾಟ್ಲೆಂಡ್, ಆಮೇಲೆ ಯೂರೋಪು, ತೀರ ಕೆಳಗೆ ಲೋಕ. ತನ್ನ ಊರನ್ನು ಕಣ್ಣಾರೆ ಕಂಡವನೇ ಮೆಟ್ಟಿಲಿಳಿದು ಲೋಕಕ್ಕೆ ಬರಬೇಕೆಂಬುದು ಆ ವ್ಯವಸ್ಥೆಯ ಅರ್ಥ. ಆ ಗೋಪುರ ಇಂದಿಗೂ ಇದೆ, ಪ್ರವಾಸಿಗಳು ಹೋಗಿ ನೋಡುತ್ತಾರೆ.

ಈ ನಡುವೆ 1888ರಲ್ಲಿ ಡಂಡೀ ನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ದೊರೆಯಿತು. ವರ್ಷಕ್ಕೊಂದು ಬೇಸಗೆ ಅವಧಿ ಪಾಠ ಮಾಡಿದರೆ ಸಾಕೆಂಬ ಏರ್ಪಾಡು. ಉಳಿದ ಕಾಲವೆಲ್ಲ ಊರುಗಳಿಗೆ ಮೀಸಲು. 1903ರಲ್ಲಿ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ತಾನು ಹುಟ್ಟಿದ ಡನ್‌ಫರ್ಮ್‌ಲಿನ್ ಪಟ್ಟಣಕ್ಕೆ ದೊಡ್ಡ ದತ್ತಿ ಕೊಟ್ಟಾಗ, ಅದನ್ನು ಹೇಗೆ ಬಳಸಬೇಕೆಂದು ವರದಿ ಬರೆಯಲು ಗೆಡ್ಡೆಸರಿಗೆ ಕರೆ ಬಂತು. ಉದ್ಯಾನದ ನಕ್ಷೆ ಕೇಳಿದವರಿಗೆ ಅವರು 1904ರಲ್ಲಿ ಇಡೀ ಪಟ್ಟಣದ ಭವಿಷ್ಯವನ್ನೇ ಬರೆದು ಕೊಟ್ಟರು. ದತ್ತಿಯವರು ಗಾಬರಿಯಾಗಿ ಅದನ್ನು ಬದಿಗಿಟ್ಟರು. ಕೇಳಿದ್ದಕ್ಕಿಂತ ಹೆಚ್ಚು ಕೊಡುವುದು, ಕೊಟ್ಟದ್ದು ಕಪಾಟು ಸೇರುವುದು, ಇವೆರಡೂ ಅವರ ಬಾಳಿನುದ್ದಕ್ಕೂ ನಡೆದುಬಂದವು.

ಅವರು ನಗರಸಭೆಗಳಿಗೆ ಹೇಳುತ್ತಿದ್ದ ಮಾತು ಸರಳ. ವೈದ್ಯನು ರೋಗಿಯನ್ನು ಪರೀಕ್ಷಿಸದೆ ಔಷಧ ಬರೆಯುವುದಿಲ್ಲ. ಯೋಜಕನೂ ಊರನ್ನು ಪರೀಕ್ಷಿಸದೆ ಯೋಜನೆ ಬರೆಯಬಾರದು. ಹೊಳೆ ಎಲ್ಲಿದೆ, ಜನ ಯಾವ ಕಸುಬಿನವರು, ಯಾವ ಬೀದಿ ಯಾಕೆ ವಕ್ರವಾಗಿದೆ, ಮಳೆ ನೀರು ಎತ್ತ ಹರಿಯುತ್ತದೆ ಎಂದು ಮೊದಲು ತಿಳಿಯಬೇಕು. ಈ ಮಾತನ್ನು ಜನರಿಗೆ ಮುಟ್ಟಿಸಲು ಲೋಕದ ನಗರಗಳ ನಕ್ಷೆ, ಚಿತ್ರಗಳ ಒಂದು ಪ್ರದರ್ಶನವನ್ನು ಕಟ್ಟಿ 1910ರಿಂದ ಊರಿಂದೂರಿಗೆ ಒಯ್ದರು. ಮದರಾಸಿನ ಗವರ್ನರಾಗಿದ್ದ ಲಾರ್ಡ್ ಪೆಂಟ್‌ಲೆಂಡ್ ಕೂಡ ಸ್ಕಾಟ್ಲೆಂಡಿನವರೇ. ಅವರ ಆಹ್ವಾನದಂತೆ 1914ರಲ್ಲಿ ಗೆಡ್ಡೆಸ್ ಮಗ ಆಲಸ್ಟೇರನೊಡನೆ ಭಾರತಕ್ಕೆ ಹೊರಟರು. ಪ್ರದರ್ಶನದ ಸಾಮಗ್ರಿ ಕ್ಲಾನ್ ಗ್ರಾಂಟ್ ಎಂಬ ಇನ್ನೊಂದು ಹಡಗಿನಲ್ಲಿತ್ತು.

ಆಗ ಮೊದಲ ಮಹಾಯುದ್ಧದ ಆರಂಭ. ಮದರಾಸಿನ ಮೇಲೆ ಗುಂಡು ಹಾರಿಸಿ ಹೋದ ಜರ್ಮನ್ ನೌಕೆ ಎಂಡನ್ ಹೆಸರು ನಮ್ಮ ಹಿರಿಯರ ಬಾಯಲ್ಲಿ ಬಹಳ ಕಾಲ ಇತ್ತು. ಅದೇ ಎಂಡನ್ ಆ ಅಕ್ಟೋಬರಿನಲ್ಲಿ, ನಮ್ಮ ಕರಾವಳಿಯಿಂದ ಪಡುವಣಕ್ಕೆ ಮಿನಿಕಾಯ್ ದ್ವೀಪದ ಆಸುಪಾಸಿನಲ್ಲಿ, ಕ್ಲಾನ್ ಗ್ರಾಂಟನ್ನು ಮುಳುಗಿಸಿತು. ಹಲವು ವರ್ಷಗಳ ದುಡಿಮೆಯೆಲ್ಲ ಸಮುದ್ರದ ಪಾಲು. ಗೆಡ್ಡೆಸ್ ಎದೆಗುಂದಲಿಲ್ಲ. ಸ್ವದೇಶದ ಮಿತ್ರರು ಮತ್ತೆ ನಕ್ಷೆ ಚಿತ್ರಗಳನ್ನು ಕೂಡಿಸಿ ಕಳುಹಿಸಿದರು. 1915ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಸೆನೆಟ್ ಭವನದಲ್ಲಿ ಪ್ರದರ್ಶನ ತೆರೆಯಿತು.

ಅಷ್ಟರೊಳಗೆ ಅವರು ಪ್ರಾಂತದ ಊರುಗಳನ್ನು ಸುತ್ತತೊಡಗಿದ್ದರು. ತಂಜಾವೂರು, ಮಧುರೆ, ಕಂಚಿ, ಕೊಯಮತ್ತೂರು, ನಮ್ಮ ಕನ್ನಡದ ಬಳ್ಳಾರಿ ಸಹ ಆ ಪಟ್ಟಿಯಲ್ಲಿದ್ದವು. ಅವರಿಗೆ ಅಧಿಕಾರವೇನೂ ಇರಲಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಸರಕಾರ ಅಥವಾ ಪೌರಸಭೆ ಕರೆದರೆ ಹೋಗಿ ನೋಡಿ ಅಭಿಪ್ರಾಯ ಬರೆದುಕೊಡುವ ಸಲಹೆಗಾರರು, ಅಷ್ಟೆ. ಹಣ ಪೌರಸಭೆಯ ಕೈಯಲ್ಲಿ, ಕೆಲಸ ಎಂಜಿನಿಯರರ ಕೈಯಲ್ಲಿ.

ತಂಜಾವೂರಿನ ಕೋಟೆಯೊಳಗಿನ ಕತೆ ಅವರ ಕ್ರಮಕ್ಕೆ ಒಳ್ಳೆಯ ನಿದರ್ಶನ. ಕೋಟೆಯೊಳಗಿನ ಕಿಕ್ಕಿರಿದ ಓಣಿಗಳನ್ನು ಸೀಳಿ, ಚದುರಂಗದ ಮಣೆಯಂತೆ ನೇರ ರಸ್ತೆಗಳನ್ನು ಹಾಕುವ ಯೋಜನೆ ಸಿದ್ಧವಾಗಿತ್ತು. ಅದರ ಮೊದಲ ಭಾಗಕ್ಕೇ ಅಂದಾಜು 30,000 ರೂಪಾಯಿ. ಗೆಡ್ಡೆಸ್ ಬಿಸಿಲಿನಲ್ಲಿ ಓಣಿ ಓಣಿ ನಡೆದು, ಯಾವ ಮನೆ ಗಟ್ಟಿ, ಯಾವುದು ಬೀಳುವಂತಿದೆ, ಎಲ್ಲಿ ಖಾಲಿ ಹಿತ್ತಿಲಿದೆ ಎಂದು ಒಂದೊಂದನ್ನೂ ಗುರುತಿಸಿದರು. ಇರುವ ಓಣಿಗಳನ್ನೇ ಅಲ್ಲಲ್ಲಿ ಅಗಲಿಸಿ, ಕುಸಿಯುತ್ತಿರುವ ಕೆಲವೇ ಮನೆಗಳನ್ನು ತೆಗೆದು, ಪಾಳು ನಿವೇಶನಗಳನ್ನು ಮರ ನೆಟ್ಟ ಚೌಕಗಳನ್ನಾಗಿ ಮಾಡಿದರೆ ಹೊಸ ರಸ್ತೆಯೇ ಬೇಡವೆಂದು ತೋರಿಸಿದರು. ಖರ್ಚು ಸುಮಾರು ಆರರಲ್ಲೊಂದು ಪಾಲು. ಇದನ್ನು ಅವರು ಉಳಿಸಿಕೊಂಡು ಮಾಡುವ ಶಸ್ತ್ರಚಿಕಿತ್ಸೆ ಎಂದು ಕರೆದರು: ಕೆಟ್ಟ ಬೆರಳಿಗಾಗಿ ಕೈ ಕಡಿಯಬಾರದೆಂಬ ನ್ಯಾಯ. ಆದರೆ ಈ ಕೆಲಸ ಕಚೇರಿಯಲ್ಲಿ ಅಡಿಪಟ್ಟಿ ಹಿಡಿದು ಆಗುವಂಥದ್ದಲ್ಲ, ಗಂಟೆಗಟ್ಟಲೆ ನಡೆದು ಕಾಲು ಸೋಲಬೇಕೆಂಬುದನ್ನೂ ವರದಿಯಲ್ಲಿ ಮುಚ್ಚಿಡದೆ ಬರೆದರು. ಎಂಜಿನಿಯರರಿಗೆ ಅದು ಹಿಡಿಸದಿದ್ದರೆ ಆಶ್ಚರ್ಯವಿಲ್ಲ.

ಮನೆ ಕೆಡವಿಸಿಕೊಂಡ ಬಡವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಅವರು ಪ್ರತಿ ಊರಿನಲ್ಲೂ ಕೇಳಿದರು. ಅವರು ಊರು ಬಿಟ್ಟು ಹೋಗುವುದಿಲ್ಲ, ಪಕ್ಕದ ಕೇರಿಗೆ ಹೋಗಿ ಇನ್ನಷ್ಟು ಒತ್ತಾಗಿ ತುಂಬುತ್ತಾರೆ; ಒಂದು ಕೊಳೆಗೇರಿ ಅಳಿಸಿ ಎರಡಾಗುತ್ತದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದ ಮೇಲೆ ಹುಟ್ಟಿದ ಅಭಿವೃದ್ಧಿ ಟ್ರಸ್ಟುಗಳು ಆರೋಗ್ಯದ ಹೆಸರಿನಲ್ಲಿ ಮಾಡುತ್ತಿದ್ದುದು ಹೆಚ್ಚಾಗಿ ಇದನ್ನೇ. ಕೆರೆಗಳ ವಿಚಾರದಲ್ಲೂ ಅವರದು ಬೇರೆ ದಾರಿ. ಸೊಳ್ಳೆಯ ಭಯದಿಂದ ಊರ ಕೆರೆಗಳನ್ನು ಮುಚ್ಚಿಸುತ್ತಿದ್ದ ಅಧಿಕಾರಿಗಳಿಗೆ, ಕೆರೆಯನ್ನು ಶುಚಿಮಾಡಿ ಮೀನು ಬಿಡಿ, ಬಾತುಕೋಳಿ ಸಾಕಿ, ಮರಿಗಳನ್ನು ಅವು ತಿನ್ನುತ್ತವೆ, ಊರೂ ತಂಪಾಗಿರುತ್ತದೆಂದು ತಿಳಿಹೇಳಿದರು. ದೇವಸ್ಥಾನದ ಸುತ್ತ ತೇರು ಎಳೆಯುವ ವಿಶಾಲ ಬೀದಿಗಳನ್ನು ಕಂಡು ಅವರು ಬೆರಗಾದರು. ಪಡುವಣದವರಿಂದ ಕಲಿಯಬೇಕೆಂದು ಎಂಜಿನಿಯರರು ಹೇಳುತ್ತಿದ್ದ ನಗರ ಯೋಜನೆ ದಕ್ಷಿಣದ ದೇಗುಲ ಪಟ್ಟಣಗಳಲ್ಲಿ ಮೊದಲೇ ಇತ್ತೆಂದು ಬರೆದರು. ರಥಬೀದಿಯನ್ನು ಬಲ್ಲ ನಮ್ಮ ಜನರಿಗೆ ಇದು ಸುಲಭವಾಗಿ ಅರ್ಥವಾದೀತು.

ಮದರಾಸಿನಿಂದ ಮುಂದೆ ಕಲಕತ್ತೆ, ಬರೋಡ, ಲಖ್ನೋ, ಬಲರಾಂಪುರ, ಲಾಹೋರು ಹೀಗೆ ಸಂಚಾರ ಬೆಳೆಯಿತು. ಅದರ ನಡುವೆ 1917 ಅವರ ಪಾಲಿಗೆ ಕರಾಳ ವರ್ಷ. ಏಪ್ರಿಲಿನಲ್ಲಿ ಹಿರಿಯ ಮಗ ಆಲಸ್ಟೇರ್ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದ ಸುದ್ದಿ ಬಂತು. ಭಾರತದಲ್ಲಿದ್ದ ಪತ್ನಿ ಆನಾ ಆಗ ಕಾಯಿಲೆ ಬಿದ್ದಿದ್ದರು. ಗೆಡ್ಡೆಸ್ ಆ ಸುದ್ದಿಯನ್ನು ಹೆಂಡತಿಗೆ ತಿಳಿಸದೆ ಎದೆಯಲ್ಲೇ ಇಟ್ಟುಕೊಂಡರು. ಜೂನ್ ತಿಂಗಳಲ್ಲಿ ಆನಾ ಕಲಕತ್ತೆಯಲ್ಲಿ ತೀರಿಕೊಂಡರು, ಮಗನಿಲ್ಲವೆಂಬುದನ್ನು ಅರಿಯದೆಯೇ. ಜೇಮ್ಸ್ ಕೋರ್ಟಿನ ಗೋಡೆಗೆ ಜೊತೆಯಾಗಿ ಸುಣ್ಣ ಬಳಿದ ಕೈ ಅದು.

ಇದಾದ ಮೇಲೆ ಅವರು ಮಾಡಿದ್ದೇ ಅವರ ಅತಿ ದೊಡ್ಡ ಕೆಲಸ. ಹೋಳ್ಕರರ ಇಂದೂರು ಆಗ ಪ್ಲೇಗು, ಮಲೇರಿಯಗಳಿಂದ ನಲುಗುತ್ತಿತ್ತು. ಕೈಯಲ್ಲಿ ನಕಾಶೆ ಹಿಡಿದು ಓಣಿಗಳಲ್ಲಿ ತಿರುಗುವ ಮುದುಕ ಸಾಹೇಬನನ್ನು ಕಂಡು ಜನ ದೂರ ಸರಿಯುತ್ತಿದ್ದರು. ಈತ ಗುರುತು ಹಾಕಿದರೆ ಮನೆ ಹೋಯಿತೆಂದೇ ಅವರ ತಿಳುವಳಿಕೆ. ಜನರ ಈ ಭಯ ಹೋಗದೆ ಯಾವ ಯೋಜನೆಯೂ ನಡೆಯದೆಂದು ಗೆಡ್ಡೆಸ್ ಕಂಡುಕೊಂಡರು. ದರ್ಬಾರಿಗೆ ಹೋಗಿ, ತನ್ನನ್ನು ಒಂದು ದಿನದ ಮಟ್ಟಿಗೆ ಮಹಾರಾಜನನ್ನಾಗಿ ಮಾಡಬೇಕೆಂದು ಕೇಳಿದರು. ಒಪ್ಪಿಗೆ ಸಿಕ್ಕಿತು.

ದೀಪಾವಳಿ ಹತ್ತಿರವಿತ್ತು. ಈ ಬಾರಿ ಹೊಸ ಬಗೆಯ ಮೆರವಣಿಗೆ ಹೊರಡುವುದೆಂದೂ, ಅದು ಹಿಂದೂಗಳ ವಾಡಿಕೆಯ ದಾರಿಯಲ್ಲೂ ಹೋಗದು, ಮುಸಲ್ಮಾನರ ವಾಡಿಕೆಯ ದಾರಿಯಲ್ಲೂ ಹೋಗದು, ಹೆಚ್ಚು ಮನೆಗಳನ್ನು ಗುಡಿಸಿ, ದುರಸ್ತಿ ಮಾಡಿ, ಸುಣ್ಣ ಬಳಿದ ಬೀದಿಯಲ್ಲೇ ಹೋಗುವುದೆಂದೂ ಡಂಗುರ ಸಾರಿಸಿದರು. ಕಸವನ್ನು ಪುಕ್ಕಟೆಯಾಗಿ ಸಾಗಿಸುವ ಏರ್ಪಾಡೂ ಆಯಿತು. ಕೇರಿ ಕೇರಿಗೆ ಪೈಪೋಟಿ ಹತ್ತಿತು. ಮನೆಗಳ ಮೂಲೆಗಳಿಂದಲೂ ಹಿತ್ತಿಲುಗಳಿಂದಲೂ 6,000ಕ್ಕೂ ಹೆಚ್ಚು ಗಾಡಿ ಕಸ ಹೊರಬಿತ್ತೆಂದು ಲೆಕ್ಕ. ಕಸದೊಡನೆ ಇಲಿಗಳೂ ಹೋದವು, ಇಲಿಯೊಡನೆ ಪ್ಲೇಗಿನ ಚಿಗಟವೂ ಹೋಯಿತು.

ಹಬ್ಬದ ದಿನ ಆನೆ, ಒಂಟೆ, ಕುದುರೆ, ಬೆಳೆ ತುಂಬಿದ ಗಾಡಿಗಳು ಮುಂದೆ ನಡೆದವು. ಹಿಂದಿನಿಂದ ಕೊಳೆಗೇರಿಯ ಪಿಡುಗಿನ ರೂಪವಾದ ರಾಕ್ಷಸರು, ಅವರ ಜೊತೆ ಮೈತುಂಬ ಚಿಗಟ ಹೊತ್ತ ಒಂದು ಬೃಹತ್ ಇಲಿ. ಅದರ ಬೆನ್ನಿಗೆ ಊರಿನ ಝಾಡಮಾಲಿಗಳು, ಮಡಿ ಬಿಳಿ ಬಟ್ಟೆ ಉಟ್ಟು, ಕೊರಳಿಗೂ ಹೊಸ ಪೊರಕೆಗಳಿಗೂ ಹೂಮಾಲೆ ಹಾಕಿ, ತಲೆಯೆತ್ತಿ ನಡೆದರು. ಆಮೇಲೆ ಕಲ್ಲುಕುಟಿಗರು, ಬಡಗಿಗಳು, ಕುಂಬಾರರು. ಕೊನೆಯ ತೇರಿನಲ್ಲಿ ನಗರದೇವತೆ, ಬದಲಾಗಲಿರುವ ಊರಿನ ನಕ್ಷೆಯೊಡನೆ. ಕಟ್ಟಲಿರುವ ಮನೆ, ಗ್ರಂಥಾಲಯಗಳ ಮಾದರಿಗಳೂ ಗಾಡಿಗಳ ಮೇಲೆ ಬಂದವು. ಮಕ್ಕಳಿಗೆ ತಿಂಡಿ, ಮನೆಮನೆಗೆ ತುಳಸಿಯ ಸಸಿ ಹಂಚಲಾಯಿತು. ಸಂಜೆ ರಾಕ್ಷಸನನ್ನೂ ಇಲಿಯನ್ನೂ ಸುಟ್ಟರು. ಮರುದಿನದಿಂದ ಮುದುಕ ಸಾಹೇಬರು ಓಣಿಗೆ ಬಂದರೆ ಜನ ಕೈಹಿಡಿದು ಮನೆಯೊಳಗೆ ಕರೆಯುತ್ತಿದ್ದರಂತೆ.

ಈ ವೃತ್ತಾಂತ ಹೆಚ್ಚಾಗಿ ಗೆಡ್ಡೆಸರೇ ಹೇಳಿ ಶಿಷ್ಯರು ಬರೆದಿಟ್ಟದ್ದು. ಒಳ್ಳೆಯ ಕತೆಗಾರರ ಬಾಯಲ್ಲಿ ಅದು ತುಸು ಹಿಗ್ಗಿದ್ದರೂ ಹಿಗ್ಗಿರಬಹುದು. ಹೂಮಾಲೆ ಹಾಕಿಸಿಕೊಂಡ ಝಾಡಮಾಲಿಯ ಕೈಗೆ ಮರುದಿನ ಮತ್ತೆ ಅದೇ ಪೊರಕೆ ಬಂದಿತೆಂಬುದನ್ನೂ ನಾವು ಮರೆಯಲಾಗದು. ಜಾತಿಗೊಂದು ಕೇರಿಯಿದ್ದ ಹಳೆಯ ಪದ್ಧತಿಯನ್ನು ಗೆಡ್ಡೆಸ್ ಪ್ರಶ್ನಿಸಿದ್ದಕ್ಕಿಂತ ಒಪ್ಪಿಕೊಂಡದ್ದೇ ಹೆಚ್ಚು. ಇಷ್ಟೆಲ್ಲ ಹೇಳಿದ ಮೇಲೂ, ಆಜ್ಞೆ ಮಾಡುವ ಒಂದು ದಿನದ ಅಧಿಕಾರ ಸಿಕ್ಕಾಗ ಆ ಮನುಷ್ಯ ಒಂದು ಮನೆಯನ್ನೂ ಕೆಡಹಿಸಲಿಲ್ಲ, ಹಬ್ಬ ಮಾಡಿಸಿದರು ಎಂಬುದು ನಮಗೆ ದೊಡ್ಡದಾಗಿ ಕಾಣುತ್ತದೆ. ಅವರ ಇಂದೂರಿನ ವರದಿ 1918ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂತು. ಚರಂಡಿಯಿಂದ ಹಿಡಿದು ವಿಶ್ವವಿದ್ಯಾನಿಲಯದವರೆಗೆ ಎಲ್ಲವೂ ಅದರಲ್ಲಿದೆ. ಓದಿ ಮುಗಿಸುವುದು ಸುಲಭವಲ್ಲ. ಬರೆಯುವಾಗ ಅವರು ದಾರಿ ಬಿಟ್ಟು ಅಡ್ಡದಾರಿ ಹಿಡಿಯುವುದೇ ಹೆಚ್ಚು. ಮಾತೂ ಹಾಗೆಯೇ, ಗಡ್ಡದೊಳಗೇ ಗುಣುಗುಟ್ಟಿದಂತೆ ಇರುತ್ತಿತ್ತಂತೆ. ಬಿಗಿಯಾಗಿ, ಹತ್ತು ಪುಟಗಳಲ್ಲಿ ಬರೆದಿದ್ದರೆ ಪೌರಸಭೆಯ ಸದಸ್ಯರು ಓದುತ್ತಿದ್ದರೋ ಏನೋ!

1919ರಲ್ಲಿ ಡಂಡೀ ಬಿಟ್ಟು ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರವಿಜ್ಞಾನದ ಮೊದಲ ಪ್ರಾಧ್ಯಾಪಕರಾದರು. ಸುಮಾರು ಐದು ವರ್ಷ ಅಲ್ಲಿದ್ದರು. ವಿಜ್ಞಾನಿ ಜಗದೀಶಚಂದ್ರ ಬೋಸರ ಜೀವನಚರಿತ್ರೆ ಬರೆದು 1920ರಲ್ಲಿ ಪ್ರಕಟಿಸಿದರು. ರವೀಂದ್ರನಾಥ ಠಾಕೂರರ ಸ್ನೇಹವಿತ್ತು. ಕಿರಿಯ ಮಗ ಆರ್ಥರ್ ಠಾಕೂರರ ಶ್ರೀನಿಕೇತನದಲ್ಲಿ ಕೆಲಸ ಮಾಡಿದರು. ಇದೇ 1920ರಲ್ಲಿ ಮದರಾಸು ಸರಕಾರ ನಗರ ಯೋಜನಾ ಶಾಸನವನ್ನು ತಂದಿತು. ಪೌರಸಭೆಗಳಿಗೆ ಯೋಜನೆ ಮಾಡುವ ಅಧಿಕಾರ ಕಾನೂನಿನ ರೂಪದಲ್ಲಿ ಬಂದದ್ದು ಅಂದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ದಶಕಗಳ ಕಾಲ ಅದೇ ಮದರಾಸು ಶಾಸನ ನಮ್ಮ ಕಡೆಗೆ ಅನ್ವಯವಾಗಿತ್ತು; 2016ರಲ್ಲಿ ಕೇರಳ ಇಡೀ ರಾಜ್ಯಕ್ಕೆ ತನ್ನದೇ ಶಾಸನ ಮಾಡಿತು. ಕಾನೂನು ಬಂತು, ನಡೆದು ನೋಡುವ ಕ್ರಮ ಅದರೊಡನೆ ಬರಲಿಲ್ಲ.

ಅವರು ನೋಡಿದ ಭಾರತದ ಊರುಗಳು ಐವತ್ತರ ಹತ್ತಿರ. ಅವುಗಳಲ್ಲಿ ಪೂರ್ಣವಾಗಿ ಕೈಗೂಡಿದ ಯೋಜನೆ ಒಂದೂ ಇಲ್ಲ. ಕೈಗೂಡಿದ್ದು ಬೇರೆ ದೇಶದಲ್ಲಿ. 1925ರಲ್ಲಿ, ಬ್ರಿಟಿಷರ ಆಡಳಿತದಲ್ಲಿದ್ದ ಪೆಲೆಸ್ತೀನಿನ ಟೆಲ್ ಅವೀವ್ ಪಟ್ಟಣಕ್ಕೆ ಅವರು ಯೋಜನೆ ಬರೆದುಕೊಟ್ಟರು. ಅಲ್ಲಿಯ ಮೇಯರ್ ಮೇಯರ್ ಡಿಜೆಂಗಾಫ್ ಎಂಬವರು ಅದನ್ನು ಹಿಡಿದು ನಡೆಸಿದರು. ವಾಹನಗಳಿಗೆ ಹೊರಗೆ ಅಗಲ ರಸ್ತೆ, ಒಳಗೆ ಸಣ್ಣ ದಾರಿಗಳು, ಪ್ರತಿ ಮನೆಗುಂಪಿನ ನಡುವೆ ಒಂದು ತೋಟ. ಅದರ ಮೇಲೆ ಎದ್ದ ಬಿಳಿ ಕಟ್ಟಡಗಳ ಬಡಾವಣೆಯನ್ನು 2003ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯೋಜಕನ ಜಾಣ್ಮೆ ಎಷ್ಟೇ ಇದ್ದರೂ, ಪೌರಸಭೆಯೊಳಗೆ ಅದನ್ನು ತನ್ನದೆಂದು ಹಿಡಿಯುವ ಒಬ್ಬನಾದರೂ ಬೇಕು. ಇಂದೂರಿನಲ್ಲಿ ಒಂದು ದಿನದ ರಾಜತ್ವ ಸಿಕ್ಕಿತು. ಇಲ್ಲಿ ಸಿಕ್ಕಿದ್ದು ವರ್ಷಗಟ್ಟಲೆ ಕುರ್ಚಿಯಲ್ಲಿದ್ದ ಮೇಯರರ ಬೆಂಬಲ.

ಆರೋಗ್ಯ ಕೆಟ್ಟು 1924ರಲ್ಲಿ ಗೆಡ್ಡೆಸ್ ಭಾರತ ಬಿಟ್ಟಿದ್ದರು. ದಕ್ಷಿಣ ಫ್ರಾನ್ಸಿನ ಮೋಂಪೆಲಿಯೆ ನಗರದ ಹೊರಗೆ ಕಲ್ಲುಗುಡ್ಡವೊಂದನ್ನು ಕೊಂಡು, ಅಲ್ಲೇ ತೆಗೆದ ಕಲ್ಲಿನಿಂದ ವಿದ್ಯಾರ್ಥಿಗಳಿಗಾಗಿ ಕಾಲೇಜು ಕಟ್ಟಿಸಿದರು. ಸುತ್ತ ತೋಟ ಮಾಡಿದರು. ಅಮೆರಿಕದ ಲೂಯಿಸ್ ಮಮ್‌ಫರ್ಡ್ ಅವರನ್ನು ಗುರುವೆಂದು ಕಂಡು, ತನ್ನ ಮಗನಿಗೇ ಗೆಡ್ಡೆಸ್ ಎಂದು ಹೆಸರಿಟ್ಟರು. 1912ರಲ್ಲಿ ಬೇಡವೆಂದಿದ್ದ ಸರ್ ಪದವಿಯನ್ನು 1932ರಲ್ಲಿ ಸ್ವೀಕರಿಸಿದರು. ಅದೇ ವರ್ಷ ಏಪ್ರಿಲ್ 17ರಂದು ಮೋಂಪೆಲಿಯೆಯಲ್ಲಿ, ತಾವು ಬೆಳೆಸಿದ ಆ ತೋಟದ ಮನೆಯಲ್ಲಿ, 77ರ ವಯಸ್ಸಿನಲ್ಲಿ ತೀರಿಕೊಂಡರು.

ಭಾರತದ ಊರುಗಳ ಬಗ್ಗೆ ಅವರು ಬರೆದ ವರದಿಗಳು ಆಯಾ ಪೌರಸಭೆಗಳ ಕಪಾಟುಗಳಲ್ಲಿ ಚದರಿಹೋಗಿದ್ದವು. ಯೋಜನಾ ತಜ್ಞೆ ಜಾಕ್ವೆಲಿನ್ ಟಿರ್‌ವಿಟ್ ಅವುಗಳಿಂದ ಭಾಗಗಳನ್ನು ಆರಿಸಿ ಒಂದು ಪುಸ್ತಕ ಮಾಡಿದರು. ಅದು ಅಚ್ಚಾಗಿ ಬಂದದ್ದು 1947ರಲ್ಲಿ, ಆ ಊರುಗಳು ಸ್ವತಂತ್ರವಾದ ವರ್ಷ. ತಂಜಾವೂರಿನ ಓಣಿಗಳ ಲೆಕ್ಕ ಅದರಲ್ಲಿ ನಕ್ಷೆ ಸಮೇತ ಇದೆ.